ನೀರು ಕುಡಿದಷ್ಟೂ ಚೀಲ ತುಂಬುತ್ತದೆ, ಬಾಯಾರಿಕೆ ಮಾತ್ರ ಹಿಂಗುವುದಿಲ್ಲ: ಏಕೆ?

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳ ಹಿಂದೆ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾಗಿ, ಇಲಿಯೋಸ್ಟಮಿ ಮಾಡಿ (ಸಣ್ಣ ಕರುಳನ್ನು ಹೊಟ್ಟೆಯ ಮೇಲಿನ ರಂಧ್ರದ ಮೂಲಕ ಹೊರಕ್ಕೆ ತೆರೆದು) ಹೊಟ್ಟೆಗೆ ಚೀಲ ಅಳವಡಿಸಿದ್ದಾರೆ. ಮೊದಲ ಮೂರು ವಾರ ತೊಂದರೆಯಿರಲಿಲ್ಲ. ಈಗ ದಿನಕ್ಕೆ ಹತ್ತು ಸಲವಾದರೂ ಚೀಲ ಬರಿದು ಮಾಡಬೇಕಾಗಿದೆ, ಬರುವುದೆಲ್ಲ ನೀರು ನೀರು. ಅಳೆದು ನೋಡಿದರೆ ಮೊನ್ನೆ 1,900 ಮಿ.ಲೀ., ನಿನ್ನೆ 2,200 ಮಿ.ಲೀ. ಇತ್ತು. ದೇಹ ಒಣಗಬಾರದೆಂದು ದಿನಕ್ಕೆ ನಾಲ್ಕು ಲೀಟರ್ ನೀರು, ಜೊತೆಗೆ ಎರಡು ಮೂರು ಲೋಟ ಹಣ್ಣಿನ ರಸ ಕುಡಿಯುತ್ತೇನೆ. ಆದರೂ ಬಾಯಿ ಒಣಗುತ್ತದೆ, ಮೂತ್ರ ಕಡಿಮೆಯಾಗಿದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಚೀಲ ತುಂಬದಿರಲೆಂದು ರಾತ್ರಿಯ ಊಟ ಬಿಟ್ಟಿದ್ದೇನೆ. ತೂಕ ಐದು ಕೆ.ಜಿ. ಇಳಿದಿದೆ. ಉಪ್ಪು ಹೆಚ್ಚು ತಿನ್ನಿ ಎಂದು ಒಬ್ಬರು, ರಕ್ತದೊತ್ತಡ ಬರುತ್ತದೆ, ಬೇಡ ಎಂದು ಇನ್ನೊಬ್ಬರು ಹೇಳುತ್ತಾರೆ. ನಾರಿನಂಶ ತಿಂದರೆ ಗಟ್ಟಿಯಾಗುತ್ತದೆಯೇ? ಭೇದಿ ತಡೆಯುವ ಲೋಪೆರಮೈಡ್ ಮಾತ್ರೆಯನ್ನು ಊಟವಾದ ಮೇಲೆ ನುಂಗುತ್ತಿದ್ದೇನೆ, ಪ್ರಯೋಜನ ಕಾಣುತ್ತಿಲ್ಲ. ಇನ್ನು ಜೀವನಪೂರ್ತಿ ಹೀಗೆಯೇ ಇರಬೇಕೇ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸವಾಗಬೇಕು. ನಿಮ್ಮ ಶಸ್ತ್ರಚಿಕಿತ್ಸಕರನ್ನು ಇಂದೇ, ಅದು ಸಾಧ್ಯವಾಗದಿದ್ದರೆ ನಾಳೆಯೇ ಕಂಡು, ರಕ್ತದಲ್ಲಿರುವ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಮತ್ತು (ಮೂತ್ರಪಿಂಡದ ಕೆಲಸ ತಿಳಿಸುವ) ಕ್ರಿಯಾಟಿನಿನ್ ಪ್ರಮಾಣವನ್ನೂ ಮೂತ್ರದ ಸೋಡಿಯಂ ಪ್ರಮಾಣವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಎರಡು ದಿನ ಸತತವಾಗಿ ಎರಡು ಲೀಟರಿನ ಆಸುಪಾಸು ಹೊರಹರಿವು, ಕಡಿಮೆಯಾದ ಮೂತ್ರ, ಸ್ನಾಯು ಸೆಳೆತ, ಐದು ಕೆ.ಜಿ. ತೂಕ ಇಳಿಕೆ, ಇವು ನಾಲ್ಕೂ ಒಟ್ಟಿಗೆ ಇರುವಾಗ ಆಹಾರದ ಸಲಹೆಯೊಂದನ್ನೇ ನೆಚ್ಚಿಕೊಂಡು ಕಾಯುವುದು ಸರಿಯಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿದರೆ, ಆರೆಂಟು ಗಂಟೆ ಮೂತ್ರವೇ ಬಾರದಿದ್ದರೆ, ಜ್ವರ ಬಂದರೆ, ಚೀಲದಲ್ಲಿ ರಕ್ತ ಕಂಡರೆ ನಾಳೆಯವರೆಗೂ ಕಾಯಬೇಡಿ.

ಈಗ ನಿಮ್ಮ ಚಿಂತೆಯ ತಿರುಳಿಗೆ ಬರುತ್ತೇನೆ. ನೀವು ಕುಡಿಯುವುದರಲ್ಲಿ ಜಿಪುಣತನ ಮಾಡಿಲ್ಲ. ಆದರೂ ದೇಹ ಒಣಗುತ್ತಿದೆ. ಇದು ನಿಮ್ಮ ಅಜಾಗರೂಕತೆಯಿಂದ ಆದದ್ದಲ್ಲ. ಮನೆಗೆ ಕಳುಹಿಸುವಾಗ ‘ನೀರು ಚೆನ್ನಾಗಿ ಕುಡಿಯಿರಿ’ ಎಂದಷ್ಟೇ ಹೇಳಿ ಮುಗಿಸುವ ಅಭ್ಯಾಸ ನಮ್ಮಲ್ಲಿ, ಅಂದರೆ ವೈದ್ಯರಲ್ಲಿ, ಇದೆ. ಹೊರಹರಿವು ಹತೋಟಿಯಲ್ಲಿರುವ ರೋಗಿಗೆ ಆ ಮಾತು ಸಾಕು. ಹೊರಹರಿವು ಹೆಚ್ಚಿದವರಿಗೆ ಅದೇ ಮಾತು ಹಾನಿ ಮಾಡುತ್ತದೆ.

ಆರೋಗ್ಯವಂತರ ಸಣ್ಣ ಕರುಳಿನೊಳಗೆ ದಿನವೊಂದಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಬಂದು ಸೇರುತ್ತದೆ. ಅದರಲ್ಲಿ ನಾವು ಕುಡಿದದ್ದು ಎರಡು ಲೀಟರಿನಷ್ಟು ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ಗ್ರಂಥಿಯ ರಸ ಮತ್ತು ಕರುಳೇ ಸ್ರವಿಸುವ ದ್ರವ. ಇದರ ಬಹುಪಾಲನ್ನು ಸಣ್ಣ ಕರುಳು ಮತ್ತೆ ಹೀರಿಕೊಂಡು, ಕೊನೆಗೆ ಒಂದು, ಒಂದೂವರೆ ಲೀಟರನ್ನು ದೊಡ್ಡ ಕರುಳಿಗೆ ದಾಟಿಸುತ್ತದೆ. ಅಲ್ಲಿ ನೀರೂ ಉಪ್ಪೂ ಹೀರಲ್ಪಟ್ಟು ಮಲದಲ್ಲಿ ಹೋಗುವುದು ನೂರಿನ್ನೂರು ಮಿ.ಲೀ. ಮಾತ್ರ. ಇಲಿಯೋಸ್ಟಮಿಯಲ್ಲಿ ಈ ಕೊನೆಯ ಹಂತವೇ ಇರುವುದಿಲ್ಲ. ಆದ್ದರಿಂದ ಹೊಂದಿಕೊಂಡ ಇಲಿಯೋಸ್ಟಮಿಯಲ್ಲೂ ದಿನಕ್ಕೆ 500ರಿಂದ 1,000 ಮಿ.ಲೀ. ಹೊರಹರಿವು ಇರುವುದು ಸಹಜ, ಅದು ಗಂಜಿಯ ಹದದಲ್ಲಿರಬೇಕು. 1,500 ಮಿ.ಲೀ. ದಾಟಿದರೆ ನಾವು ಎಚ್ಚರಗೊಳ್ಳುತ್ತೇವೆ, ಎರಡು ಲೀಟರ್ ಮುಟ್ಟಿದರೆ ಚಿಕಿತ್ಸೆ ಬೇಕೇ ಬೇಕು.

ಚೀಲಕ್ಕೆ ಬರುವ ದ್ರವವನ್ನು ಬರೀ ನೀರೆಂದು ತಿಳಿಯುವುದರಿಂದಲೇ ತಪ್ಪು ಶುರುವಾಗುತ್ತದೆ. ಅದರ ಪ್ರತಿ ಲೀಟರಿನಲ್ಲೂ ಸುಮಾರು 100 ಮಿಲಿಮೋಲ್ ಸೋಡಿಯಂ ಇರುತ್ತದೆ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ 6 ಗ್ರಾಂ. ನಿಮ್ಮ ಎರಡು ಲೀಟರಿನಲ್ಲಿ ದಿನಕ್ಕೆ 12 ಗ್ರಾಂ ಉಪ್ಪು ಹೊರಗೆ ಹೋಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ವಯಸ್ಕರಿಗೆ ಹೇಳುವ ದೈನಿಕ ಮಿತಿ 5 ಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಇಷ್ಟು ಉಪ್ಪು ಕಳೆದುಕೊಂಡ ದೇಹಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದದ್ದು. ಸಣ್ಣ ಕರುಳಿನ ಮೇಲ್ಭಾಗದ ಒಳಪದರ ಸೋರುವ ಸ್ವಭಾವದ್ದು, ಅದರ ಮೂಲಕ ಸೋಡಿಯಂ ಎರಡೂ ಕಡೆಗೆ ಸುಲಭವಾಗಿ ಹರಿದಾಡುತ್ತದೆ. ಕುಡಿದ ದ್ರವದಲ್ಲಿ ಸೋಡಿಯಂ ತೀರ ಕಡಿಮೆಯಿದ್ದರೆ ರಕ್ತದಲ್ಲಿರುವ ಸೋಡಿಯಂ ಕರುಳಿನೊಳಕ್ಕೆ ಇಳಿಯುತ್ತದೆ, ಅದರ ಬೆನ್ನಿಗೇ ನೀರೂ ಇಳಿಯುತ್ತದೆ. ಉಳಿದ ಕರುಳು ಸಾಕಷ್ಟು ಉದ್ದವಿದ್ದು ನಿಧಾನವಾಗಿ ಚಲಿಸುತ್ತಿದ್ದರೆ ಮುಂದಿನ ಭಾಗದಲ್ಲಿ ಅದೆಲ್ಲ ಮತ್ತೆ ಹೀರಲ್ಪಡುತ್ತದೆ. ಕರುಳು ಗಿಡ್ಡವಾಗಿದ್ದರೆ ಅಥವಾ ಅದರೊಳಗಿನದು ವೇಗವಾಗಿ ಸಾಗುತ್ತಿದ್ದರೆ, ಹೀರುವುದಕ್ಕೆ ಮೊದಲೇ ಚೀಲಕ್ಕೆ ಬಂದುಬಿಡುತ್ತದೆ. ನೀರು, ಚಹಾ, ಕಾಫಿ ಎಲ್ಲವೂ ಈ ಗುಂಪಿಗೇ ಸೇರಿದವು. ಹಣ್ಣಿನ ರಸ ಮತ್ತು ಸಿಹಿ ಪಾನೀಯಗಳ ಕತೆ ಬೇರೆ: ಅವುಗಳಲ್ಲಿ ಸಕ್ಕರೆ ದಟ್ಟವಾಗಿರುವುದರಿಂದ ಅವು ದೇಹದ ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ನೀವು ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೀರಿ. ಬಾಯಾರಿಕೆಗೆ ನೀರು, ನೀರಿನಿಂದ ಹೊರಹರಿವು, ಹೊರಹರಿವಿನಿಂದ ಉಪ್ಪಿನ ನಷ್ಟ, ನಷ್ಟದಿಂದ ಮತ್ತೆ ಬಾಯಾರಿಕೆ ಎಂಬ ಸುಳಿಗೆ ನೀವು ಸಿಕ್ಕಿದ್ದೀರಿ.

ಈ ಸುಳಿಯಿಂದ ಹೊರಬರುವ ದಾರಿ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು, ಅಂದರೆ ಓಆರ್‌ಎಸ್. ಕರುಳಿನ ಕೋಶಗಳಲ್ಲಿ ಗ್ಲೂಕೋಸ್ ಮತ್ತು ಸೋಡಿಯಂಗಳನ್ನು ಜೋಡಿಯಾಗಿ ಒಳಗೆಳೆದುಕೊಳ್ಳುವ ವ್ಯವಸ್ಥೆಯಿದೆ, ಅವೆರಡೂ ಸರಿಯಾದ ಪ್ರಮಾಣದಲ್ಲಿ ಜೊತೆಗಿದ್ದಾಗ ನೀರೂ ಅವುಗಳೊಡನೆ ದೇಹದೊಳಕ್ಕೆ ಬರುತ್ತದೆ. ಲೀಟರಿಗೆ 90 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚು ಸೋಡಿಯಂ ಇರುವ ದ್ರಾವಣ ಸ್ಟೋಮಾ (ಚೀಲ ಅಂಟಿಸುವ, ಹೊಟ್ಟೆಯ ಮೇಲಿನ ಕರುಳಿನ ಬಾಯಿ) ಇರುವವರಿಗೆ ಹೆಚ್ಚು ಉಪಯುಕ್ತ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಓಆರ್‌ಎಸ್‌ನಲ್ಲಿ 90 ಮಿಲಿಮೋಲ್ ಇತ್ತು. 2002ರಲ್ಲಿ ಅದನ್ನು 75ಕ್ಕೆ ಇಳಿಸಲಾಯಿತು. ಭೇದಿಯಾದ ಮಕ್ಕಳಿಗೆ ಆ ಬದಲಾವಣೆ ಒಳ್ಳೆಯದೇ ಆಯಿತು, ಆದರೆ ನಿಮ್ಮಂಥವರಿಗೆ ಹಳೆಯ ಸೂತ್ರವೇ ಹೆಚ್ಚು ಹೊಂದುತ್ತಿತ್ತೆಂಬುದು ನನ್ನ ಅಭಿಪ್ರಾಯ. ಆದರೂ ಈಗಿನ ಪ್ಯಾಕೆಟ್ ನೀರಿಗಿಂತ ಎಷ್ಟೋ ಪಾಲು ಮೇಲು. ಬೇರೇನೂ ಸಿಗದಿದ್ದರೆ ಅದರಿಂದಲೇ ಆರಂಭಿಸಿ, ಪ್ಯಾಕೆಟ್ಟಿನ ಮೇಲೆ ಹೇಳಿದಷ್ಟೇ ನೀರು ಬೆರೆಸಿ. ರುಚಿ ಹಿಡಿಸಲಿಲ್ಲವೆಂದು ಹೆಚ್ಚು ನೀರು ಬೆರೆಸಿದರೆ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೀರಿ. ಕ್ರೀಡಾಪಟುಗಳಿಗಾಗಿ ಮಾರುವ ಪಾನೀಯಗಳು ಓಆರ್‌ಎಸ್‌ಗೆ ಬದಲಿಯಾಗಲಾರವು, ಅವುಗಳಲ್ಲಿ ಸೋಡಿಯಂ ಕಡಿಮೆ, ಸಕ್ಕರೆ ಹೆಚ್ಚು.

ಮನೆಯಲ್ಲೇ ತಯಾರಿಸುವುದಾದರೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಿಂದಲೇ ಪ್ರಸಿದ್ಧವಾಗಿರುವ ದ್ರಾವಣವಿದೆ. ಒಂದು ಲೀಟರ್ ಕುಡಿಯುವ ನೀರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇದನ್ನು ಚಮಚದ ಅಂದಾಜಿನಲ್ಲಿ ಮಾಡಬೇಡಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಬಟ್ಟೆ ಸೋಡಾ ಅಪಾಯಕಾರಿ ವಸ್ತು; ಇವೆರಡನ್ನೂ ಬಳಸುವಂತಿಲ್ಲ. ದ್ರಾವಣವನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಕೆಲವು ಹನಿ ನಿಂಬೆರಸ ಹಿಂಡಿ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಿಕೊಳ್ಳಿ. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಇದು, ಇದರ ಹೊರತಾಗಿ ನೀರು, ಚಹಾ, ಹಾಲು ಎಲ್ಲವೂ ಸೇರಿ ಒಂದು ಲೀಟರಿಗೆ ಮೀರದಿರಲಿ. ಹಣ್ಣಿನ ರಸವನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ನೀರನ್ನು ಕಡಿಮೆ ಮಾಡಿ ಓಆರ್‌ಎಸ್ ಕುಡಿಯದೇ ಇರುವುದು ಈಗಿರುವ ಸ್ಥಿತಿಗಿಂತಲೂ ಕೆಟ್ಟದ್ದು. ಈ ಎರಡು ಬದಲಾವಣೆ ಒಟ್ಟಿಗೇ ಆಗಬೇಕು. ಮೊದಲೆರಡು ದಿನ ನೀರಿಗಾಗಿ ಜೀವ ಹಂಬಲಿಸುತ್ತದೆ, ನನ್ನ ಅನೇಕ ರೋಗಿಗಳು ಇದು ಆಹಾರದ ಪಥ್ಯಕ್ಕಿಂತ ಕಷ್ಟವೆಂದು ಹೇಳಿದ್ದಾರೆ. ಉಪ್ಪಿನ ಕೊರತೆ ತುಂಬುತ್ತ ಬಂದಂತೆ ಆ ದಾಹ ತಗ್ಗುತ್ತದೆ.

ದಿನಕ್ಕೆ 700, 800 ಮಿ.ಲೀ. ಗಟ್ಟಿಯಾದ ಹೊರಹರಿವು ಇರುವ ಬೇರೆ ಓದುಗರು ಇದನ್ನು ಓದಿ ನೀರು ಕಡಿಮೆ ಮಾಡಬಾರದು. ಈ ನಿರ್ಬಂಧ ಅವರಿಗಲ್ಲ.

ಉಪ್ಪಿನ ವಿಷಯದಲ್ಲಿ ನಿಮಗೆ ಸಲಹೆ ಕೊಟ್ಟ ಇಬ್ಬರೂ ಒಂದೊಂದು ಸಂದರ್ಭಕ್ಕೆ ಸರಿಯಾದ ಮಾತನ್ನೇ ಹೇಳಿದ್ದಾರೆ. ದೇಹದಲ್ಲಿ ಉಪ್ಪು ಉಳಿಯುವ ವ್ಯಕ್ತಿಗೆ ಹೆಚ್ಚುವರಿ ಉಪ್ಪು ರಕ್ತದೊತ್ತಡ ಏರಿಸಬಹುದು. ದಿನಕ್ಕೆ 12 ಗ್ರಾಂ ಕಳೆದುಕೊಳ್ಳುವ ವ್ಯಕ್ತಿಗೆ ಸದ್ಯದ ಅಪಾಯ ರಕ್ತದೊತ್ತಡ ಕುಸಿಯುವುದು, ಮೂತ್ರಪಿಂಡ ಸೊರಗುವುದು. ಆದ್ದರಿಂದ ಊಟಕ್ಕೆ ಧಾರಾಳವಾಗಿ ಉಪ್ಪು ಹಾಕಿಕೊಳ್ಳಿ, ಉಪ್ಪಿರುವ ಬಿಸ್ಕತ್ತು, ಉಪ್ಪು ಹಾಕಿದ ತೆಳು ಸೂಪು ತೆಗೆದುಕೊಳ್ಳಿ. ಆದರೆ ಹೃದಯ ವೈಫಲ್ಯ, ಮೂತ್ರಪಿಂಡದ ಹಳೆಯ ಕಾಯಿಲೆ ಅಥವಾ ಯಕೃತ್ತಿನ ತೊಂದರೆಯಿಂದ ಹೊಟ್ಟೆಯಲ್ಲಿ ನೀರು ತುಂಬುವ ಸಮಸ್ಯೆ ಇದ್ದವರು ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು, ಮಧುಮೇಹವಿದ್ದವರು ಓಆರ್‌ಎಸ್‌ನಲ್ಲಿರುವ ಗ್ಲೂಕೋಸಿನ ಲೆಕ್ಕವನ್ನೂ ಇಡಬೇಕು. ನೀವು ಈಗಾಗಲೇ ರಕ್ತದೊತ್ತಡದ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರ ಭೇಟಿಯಲ್ಲಿ ಮೊದಲ ಮಾತಾಗಿ ಹೇಳಿ. ಒಣಗಿದ ದೇಹದಲ್ಲಿ ಅಂಥ ಮಾತ್ರೆಗಳಿಂದ ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟಾಗಬಹುದು.

ರಕ್ತದ ಸೋಡಿಯಂ ಸರಿಯಾಗಿದೆಯೆಂಬ ವರದಿ ಬಂದ ಕೂಡಲೇ ನೆಮ್ಮದಿಪಡುವಂತಿಲ್ಲ. ಉಪ್ಪೂ ನೀರೂ ಜೊತೆಜೊತೆಗೇ ಕಡಿಮೆಯಾದಾಗ ರಕ್ತದಲ್ಲಿ ಅದರ ಸಾಂದ್ರತೆ ಬಹುಕಾಲ ಹಾಗೆಯೇ ಉಳಿಯಬಲ್ಲದು. ಸತ್ಯ ಬೇಗ ಗೊತ್ತಾಗುವುದು ಮೂತ್ರದಲ್ಲಿ: ಅಲ್ಲಿ ಸೋಡಿಯಂ ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ಮೂತ್ರಪಿಂಡಗಳು ಉಪ್ಪಿನ ಒಂದೊಂದು ಕಣವನ್ನೂ ಉಳಿಸಲು ಹೆಣಗುತ್ತಿವೆ ಎಂದರ್ಥ. ಹಾಗೆ ಸೋಡಿಯಂ ಉಳಿಸುವ ಭರದಲ್ಲಿ ಅವು ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹೊರಗೆ ಬಿಡುತ್ತವೆ. ನಿಮ್ಮ ಮೀನಖಂಡದ ಸೆಳೆತಕ್ಕೆ ಮೆಗ್ನೀಸಿಯಂ ಕೊರತೆ ಕಾರಣವಿರಬಹುದು. ಹಾಗೆಂದು ನೀವೇ ಮೆಗ್ನೀಸಿಯಂ ಮಾತ್ರೆ ತಂದು ನುಂಗಬೇಡಿ, ಅದರ ಹಲವು ಲವಣಗಳು ಭೇದಿ ಮಾಡಿಸುತ್ತವೆ. ಮೊದಲು ಉಪ್ಪು ತುಂಬಬೇಕು, ನಂತರ ಮೆಗ್ನೀಸಿಯಂ, ಇವೆರಡೂ ಸರಿಹೋದರೆ ಪೊಟ್ಯಾಸಿಯಂ ಅನೇಕ ವೇಳೆ ತಾನಾಗಿಯೇ ಸರಿಯಾಗುತ್ತದೆ.

ರಾತ್ರಿಯ ಊಟ ಬಿಟ್ಟಿದ್ದೀರಿ. ತಿನ್ನದಿದ್ದಾಗ ಹೊರಹರಿವು ಸ್ವಲ್ಪ ತಗ್ಗುವುದು ನಿಜ, ಅದನ್ನು ನೋಡಿಯೇ ಜನ ಊಟ ಬಿಡುತ್ತಾರೆ. ಆದರೆ ಜೀರ್ಣರಸಗಳ ಸ್ರಾವ ನಿಲ್ಲುವುದಿಲ್ಲ, ನಷ್ಟವಾಗುವುದು ನಿಮ್ಮ ಸ್ನಾಯುಗಳ ತೂಕ. ಅದಕ್ಕಿಂತ ಮುಖ್ಯವಾಗಿ, ಉಳಿದ ಕರುಳು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುವುದಕ್ಕೆ ಅದರೊಳಗೆ ಆಹಾರ ಹರಿಯುತ್ತಿರಬೇಕು. ಊಟ ಬಿಡುವ ಬದಲು ದಿನದ ಆಹಾರವನ್ನು ಐದಾರು ಸಣ್ಣ ಪಾಲು ಮಾಡಿ, ಕೊನೆಯ ಊಟವನ್ನು ಮಲಗುವ ಮೂರು ನಾಲ್ಕು ಗಂಟೆ ಮೊದಲೇ ಮುಗಿಸಿ. ಬಿಳಿ ಅನ್ನ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಬಿಳಿ ಬ್ರೆಡ್ಡು, ಮಾಗಿದ ಬಾಳೆಹಣ್ಣು ಮುಂತಾದ ಪಿಷ್ಟದ ಆಹಾರ ಹೊರಹರಿವಿಗೆ ಹದ ಕೊಡುತ್ತದೆ. ಜೊತೆಗೆ ಪ್ರತಿ ಸಲವೂ ಮೊಟ್ಟೆ, ಮೊಸರು, ಮೀನು, ಮಾಂಸ, ಇವುಗಳಲ್ಲಿ ನಿಮಗೆ ಒಗ್ಗುವ ಯಾವುದಾದರೊಂದು ಇರಲಿ. ಊಟದ ಜೊತೆಯಲ್ಲೇ ಲೋಟಗಟ್ಟಲೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಿರೆಂದು ನಾವು ಹೇಳುವುದುಂಟು. ಇದರ ಹಿಂದಿನ ಪುರಾವೆ ಗಟ್ಟಿಯಾದದ್ದಲ್ಲ, ಆದರೆ ಕೆಲವರಿಗೆ ಸ್ಪಷ್ಟವಾಗಿ ಅನುಕೂಲವಾಗಿದೆ, ಮಾಡಿ ನೋಡುವುದರಲ್ಲಿ ನಷ್ಟವಿಲ್ಲ. ಹಾಲು ಕುಡಿದ ಮೇಲೆ ಹೊರಹರಿವು ಏರುವುದನ್ನು ನೀವೇ ಗಮನಿಸಿದ್ದರೆ ಮಾತ್ರ ಹಾಲು ಬಿಡಿ. ಸಕ್ಕರೆರಹಿತ ಮಿಠಾಯಿ ಮತ್ತು ಚೂಯಿಂಗ್ ಗಮ್‌ಗಳಲ್ಲಿರುವ ಸಾರ್ಬಿಟಾಲ್, ಕ್ಸೈಲಿಟಾಲ್‌ಗಳು ಭೇದಿ ತರುತ್ತವೆ, ಅವು ಬೇಡ.

ನಾರಿನಂಶದ ಬಗ್ಗೆ ನೀವು ಕೇಳಿದ್ದರಲ್ಲಿ ಅರ್ಧ ಸತ್ಯವಿದೆ. ತೌಡು, ಹಸಿ ತರಕಾರಿ, ಸಿಪ್ಪೆ, ಬೀಜಗಳಲ್ಲಿರುವ ಕರಗದ ನಾರು ಹೊರಹರಿವನ್ನು ಹೆಚ್ಚಿಸುತ್ತದೆ, ಸ್ಟೋಮಾದ ಬಾಯಿಯಲ್ಲಿ ಸಿಕ್ಕಿಕೊಳ್ಳಲೂಬಹುದು. ಇಡೀ ಜೋಳದ ಕಾಳು, ಅಣಬೆ, ಒಣಹಣ್ಣು, ಚೆನ್ನಾಗಿ ಅಗಿಯದ ಗಟ್ಟಿ ಬೀಜಗಳಿಂದ ಸದ್ಯಕ್ಕೆ ದೂರವಿರಿ. ಇಸಬಗೋಲಿನಂಥ ಕರಗುವ ನಾರು ನೀರನ್ನು ಹಿಡಿದುಕೊಂಡು ಲೋಳೆಯಾಗುವುದರಿಂದ ಚೀಲದಲ್ಲಿರುವುದು ಗಟ್ಟಿಯಾದಂತೆ ಕಾಣುತ್ತದೆ. ಆದರೆ ಆ ಲೋಳೆಯಲ್ಲಿ ಸಿಕ್ಕಿದ ನೀರೂ ಉಪ್ಪೂ ನಿಮ್ಮ ದೇಹದಿಂದ ಹೋದದ್ದೇ ಅಲ್ಲವೇ? ಕಣ್ಣಿಗೆ ಸಮಾಧಾನ, ದೇಹಕ್ಕೆ ಅದೇ ನಷ್ಟ. ಹೊರಹರಿವು ಎರಡು ಲೀಟರಿನಷ್ಟಿರುವಾಗ ನಾನು ಅದನ್ನು ಸೂಚಿಸುವುದಿಲ್ಲ.

ಲೋಪೆರಮೈಡ್ ಒಳ್ಳೆಯ ಔಷಧ, ನೀವು ನುಂಗುತ್ತಿರುವ ಹೊತ್ತು ಮಾತ್ರ ತಪ್ಪು. ಆಹಾರ ಕರುಳಿಗೆ ಬರುವ ಮೊದಲೇ ಕರುಳಿನ ಚಲನೆಯನ್ನು ಅದು ನಿಧಾನಗೊಳಿಸಿರಬೇಕು, ಆದ್ದರಿಂದ ಊಟಕ್ಕೆ 30ರಿಂದ 60 ನಿಮಿಷ ಮೊದಲು ಮತ್ತು ಮಲಗುವ ಮುನ್ನ ತೆಗೆದುಕೊಳ್ಳಬೇಕು. ಚೀಲದಲ್ಲಿ ಮಾತ್ರೆ ಅಥವಾ ಕ್ಯಾಪ್ಸೂಲ್ ಇಡಿಯಾಗಿ ಕಂಡರೆ ವೈದ್ಯರಿಗೆ ತಿಳಿಸಿ, ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ತೆಗೆದುಕೊಳ್ಳಲು ಅವರು ಹೇಳಬಹುದು. ನಿಧಾನವಾಗಿ ಕರಗುವಂತೆ ಮಾಡಿದ ಬೇರೆ ಕಾಯಿಲೆಗಳ ಮಾತ್ರೆಗಳಿಗೂ ಇದೇ ಗತಿಯಾಗಬಹುದು, ಆದರೆ ಅವನ್ನು ಕೇಳದೆ ಪುಡಿ ಮಾಡಬಾರದು. ಸ್ಟೋಮಾ ಇರುವವರಿಗೆ ಲೋಪೆರಮೈಡನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವುದುಂಟು, ಹಾಗೆಂದು ನೀವಾಗಿಯೇ ದಿನಕ್ಕೆ 16 ಮಿ.ಗ್ರಾಂ. ಮೀರಬೇಡಿ. ಅತಿಯಾದ ಪ್ರಮಾಣ ಹೃದಯದ ಬಡಿತದ ಲಯ ಕೆಡಿಸಬಹುದು, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಕಡಿಮೆಯಿರುವಾಗ ಆ ಅಪಾಯ ಇನ್ನೂ ಹೆಚ್ಚು. ಇದು ಸಾಲದಿದ್ದರೆ ಜಠರಾಮ್ಲ ತಗ್ಗಿಸುವ ಒಮೆಪ್ರಜೋಲ್, ಕೊಡೀನ್, ಕೆಲವರಿಗೆ ಆಕ್ಟ್ರಿಯೊಟೈಡ್ ಚುಚ್ಚುಮದ್ದು ಮುಂತಾದ ಮಾರ್ಗಗಳಿವೆ, ಅವುಗಳ ಆಯ್ಕೆ ನಿಮ್ಮ ವೈದ್ಯರದು.

ಇಷ್ಟರ ನಡುವೆ ನನ್ನ ಗಮನವನ್ನು ಹೆಚ್ಚು ಸೆಳೆದದ್ದು ನಿಮ್ಮ ಪತ್ರದ ಒಂದು ಸಣ್ಣ ವಾಕ್ಯ: ಮೊದಲ ಮೂರು ವಾರ ತೊಂದರೆಯಿರಲಿಲ್ಲ. ಹಾಗಿದ್ದರೆ ಆಮೇಲೆ ಏನು ಬದಲಾಯಿತು? ಶಸ್ತ್ರಚಿಕಿತ್ಸೆಯ ನಂತರ ಕೊಡುವ ಅಫೀಮಿನ ವರ್ಗದ ನೋವುನಿವಾರಕಗಳು ಕರುಳನ್ನು ನಿಧಾನಗೊಳಿಸಿರುತ್ತವೆ, ಅವು ನಿಂತ ಮೇಲೆ ಹೊರಹರಿವು ಏರುವುದನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಿದ್ದು, ಮೆಟ್‌ಫಾರ್ಮಿನ್ ಮತ್ತೆ ಶುರು ಮಾಡಿದ್ದು, ವಾಕರಿಕೆಗೆಂದು ಮೆಟೊಕ್ಲೊಪ್ರಮೈಡ್ ಕೊಟ್ಟದ್ದು, ಹೊಸ ಆ್ಯಂಟಿಬಯೋಟಿಕ್ ನುಂಗಿದ್ದು, ಇವೆಲ್ಲವೂ ಕಾರಣವಾಗಬಲ್ಲವು. ಕರುಳಿನ ಸೋಂಕು, ಹೊಟ್ಟೆಯೊಳಗೆ ಉಳಿದ ಕೀವು, ಕರುಳು ಭಾಗಶಃ ಕಟ್ಟಿಕೊಂಡಿರುವುದು, ಹಳೆಯ ಕಾಯಿಲೆ ಮರುಕಳಿಸಿರುವುದು, ಇವನ್ನೂ ಪರೀಕ್ಷಿಸಿ ತಳ್ಳಿಹಾಕಬೇಕು. ಕರುಳು ಭಾಗಶಃ ಕಟ್ಟಿದಾಗ ಹೊರಹರಿವು ನಿಲ್ಲುವ ಬದಲು ನೀರಾಗಿ ಚಿಮ್ಮಿ ಬರಬಹುದು ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಹೊಟ್ಟೆ ಹಿಂಡಿದಂತೆ ನೋವು, ಉಬ್ಬರ, ವಾಂತಿ ಇದ್ದು ಕೆಲವು ಗಂಟೆ ಚೀಲಕ್ಕೆ ಏನೂ ಬಾರದಿದ್ದರೆ ಲೋಪೆರಮೈಡ್ ನಿಲ್ಲಿಸಿ ನೇರವಾಗಿ ಆಸ್ಪತ್ರೆಗೆ ಹೋಗಿ. ಸೋಂಕಿನ ಅನುಮಾನವಿದ್ದರೂ ಪರೀಕ್ಷೆಯಾಗುವವರೆಗೆ ಆ ಮಾತ್ರೆ ಬೇಡ.

ವೈದ್ಯರ ಬಳಿ ಹೋಗುವಾಗ 24 ಗಂಟೆಯಲ್ಲಿ ಕುಡಿದದ್ದು, ಚೀಲದಿಂದ ಬಂದದ್ದು, ಮೂತ್ರದ ಪ್ರಮಾಣ ಮತ್ತು ಬೆಳಗಿನ ತೂಕ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಈವರೆಗೆ ಅಳೆದ ಹೊರಹರಿವಿನಿಂದಲೇ ಆ ಹಾಳೆ ಶುರುವಾಗಲಿ, ಉಳಿದದ್ದನ್ನು ಅದಕ್ಕೆ ಸೇರಿಸುತ್ತ ಹೋಗಿ. ಹೊಸ ಕ್ರಮ ಫಲ ಕೊಡುತ್ತಿದೆಯೇ ಎಂಬುದು ಎರಡು ಮೂರು ದಿನಗಳಲ್ಲಿ ಆ ಹಾಳೆಯಿಂದಲೇ ಗೊತ್ತಾಗುತ್ತದೆ. ಮೂತ್ರ ದಿನಕ್ಕೆ ಒಂದು ಲೀಟರಿನ ಹತ್ತಿರ ಬಂದರೆ ನಾವು ಸರಿದಾರಿಯಲ್ಲಿದ್ದೇವೆ. ರಕ್ತಪರೀಕ್ಷೆಯ ಫಲಿತಾಂಶ ಕೆಟ್ಟಿದ್ದರೆ ಕೆಲವು ದಿನ ರಕ್ತನಾಳದ ಮೂಲಕ ಉಪ್ಪುನೀರು ಏರಿಸಬೇಕಾದೀತು, ಅದಕ್ಕೆ ಹಿಂಜರಿಯಬೇಡಿ.

ಜೀವನಪೂರ್ತಿ ಹೀಗೆಯೇ ಇರಬೇಕೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ನಿಮ್ಮ ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿದೆ. ಅದರ ಪ್ರತಿಯನ್ನು ಕೇಳಿ ಪಡೆದು, ಸಣ್ಣ ಕರುಳು ಎಷ್ಟು ಉಳಿದಿದೆಯೆಂದು ವೈದ್ಯರನ್ನು ವಿಚಾರಿಸಿ. 200 ಸೆಂ.ಮೀ.ಗಿಂತ ಕಡಿಮೆ ಉಳಿದಿದ್ದರೆ ಈ ಕ್ರಮವನ್ನು ದೀರ್ಘಕಾಲ ಪಾಲಿಸಬೇಕಾಗಬಹುದು. ಸಣ್ಣ ಕರುಳಿನ ಕೊನೆಯ ಭಾಗವನ್ನೂ ತೆಗೆದಿದ್ದರೆ ವಿಟಮಿನ್ ಬಿ12 ಮಟ್ಟವನ್ನು ಆಗಾಗ ನೋಡಿಸಿಕೊಳ್ಳಬೇಕು. ಕರುಳು ಹೆಚ್ಚುಕಡಿಮೆ ಪೂರ್ತಿ ಉಳಿದಿದ್ದು, ಹೊರಹರಿವು ಏರಿದ್ದಕ್ಕೆ ಮೇಲೆ ಹೇಳಿದ ಕಾರಣಗಳಲ್ಲೊಂದು ಪತ್ತೆಯಾದರೆ, ಅದು ಸರಿಯಾದ ಮೇಲೆ ಹೊರಹರಿವು ಇಳಿಯುವ ಸಂಭವ ಹೆಚ್ಚು. ಕರುಳು ಹೊಂದಿಕೊಳ್ಳುವ ಕ್ರಿಯೆ ತಿಂಗಳುಗಟ್ಟಲೆ, ಕೆಲವರಲ್ಲಿ ಒಂದೆರಡು ವರ್ಷ ನಡೆಯುತ್ತದೆ. ಸ್ಟೋಮಾ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ನಿಮ್ಮ ಪತ್ರದಲ್ಲಿ ಬರೆದಿಲ್ಲ. ತಾತ್ಕಾಲಿಕವಾದರೆ, ಹೊರಹರಿವು ಹತೋಟಿಗೆ ಬಾರದಿದ್ದಾಗ ಅದನ್ನು ನಿಗದಿತ ದಿನಕ್ಕಿಂತ ಮೊದಲೇ ಮುಚ್ಚಬಹುದೇ ಎಂದೂ ಅದೇ ಭೇಟಿಯಲ್ಲಿ ಕೇಳಿ.